ಈ ಸೀಟು ಯಾಕೆ ಖಾಲಿ ಇದೆ? ಇಂಟರ್ವ್ಯೂಗೆ ಮುಂಚೆ ಕಂಪನೀನ ಜಾಲಾಡೋದು

ಇಂಟರ್ವ್ಯೂ ಕಾಲ್ ಬಂದ ತಕ್ಷಣ ಎಲ್ರೂ ಮಾಡೋ ಕೆಲ್ಸ ಒಂದೇ, ಕಂಪನಿ ವೆಬ್‌ಸೈಟ್ ಓಪನ್ ಮಾಡಿ 'ಅಬೌಟ್ ಅಸ್' ಪೇಜಿಗೆ ಹೋಗೋದು, ಯಾವ ವರ್ಷ ಶುರುವಾಯ್ತು, ಯಾರು ಶುರು ಮಾಡಿದ್ರು, ಎಷ್ಟು ದೇಶದಲ್ಲಿ ಆಫೀಸಿದೆ, ವಿಷನ್ ಏನು ಮಿಷನ್ ಏನು ಅಂತ ಗಿಳಿಪಾಠ ಮಾಡ್ಕೊಳ್ಳೋದು. ಆಮೇಲೆ ಒಳಗೆ ಹೋಗಿ ಕೂತಾಗ ಪ್ಯಾನೆಲ್‌ನವ್ರು 'ನಮ್ಮ ಕಂಪನಿ ಬಗ್ಗೆ ಏನ್ ಗೊತ್ತು' ಅಂದ್ರೆ ಅದನ್ನೇ ಉಸಿರು ಬಿಡದೆ ಒಪ್ಪಿಸೋದು. ಮೇಜಿನ ಆ ಕಡೆ ಕೂತು ಇದನ್ನ ಕೇಳಿ ಕೇಳಿ ಸಾಕಾಗಿರೋಳಾಗಿ ನೇರವಾಗಿ ಹೇಳ್ಬಿಡ್ತೀನಿ, ಅದ್ರಿಂದ ನಯಾಪೈಸೆ ಲಾಭ ಇಲ್ಲ. ಅವ್ರ ಕಂಪನಿ ಯಾವಾಗ ಹುಟ್ತು ಅಂತ ಅವ್ರಿಗೆ ಗೊತ್ತು. ಕೆಲವ್ರಿಗೆ ಅದೂ ಗೊತ್ತಿರಲ್ಲ, ಹೋಗ್ಲಿ ಬಿಡಿ.

ರಿಸರ್ಚ್ ಮಾಡೋದು ಒಪ್ಪಿಸಕ್ಕಲ್ಲ. ಈ ಸೀಟು ಯಾಕೆ ಖಾಲಿ ಇದೆ, ಅಲ್ಲಿ ಕೂರೋರಿಂದ ಅವ್ರಿಗೆ ಏನಾಗ್ಬೇಕಾಗಿದೆ, ಅಷ್ಟು ತಿಳ್ಕೊಳ್ಳಕ್ಕೆ. ಅದು ಗೊತ್ತಾದ್ರೆ ನಿಮ್ಮ ಹತ್ತು ವರ್ಷದ ಅನುಭವದಲ್ಲಿ ಯಾವ ಎರಡು ಕಥೆ ಹೇಳ್ಬೇಕು ಅಂತ ತಾನಾಗೇ ಗೊತ್ತಾಗತ್ತೆ, ಜೊತೆಗೆ ನಾನು ಅಲ್ಲಿ ಹೋಗಿ ಕೂರಬೇಕಾ ಬೇಡ್ವಾ ಅನ್ನೋದೂ ಗೊತ್ತಾಗತ್ತೆ. ಎರಡನೇದನ್ನ ಜನ ಮರೆತೇ ಬಿಡ್ತಾರೆ, ಕೆಲ್ಸ ಸಿಕ್ರೆ ಸಾಕಪ್ಪ ಅನ್ನೋ ಟೆನ್ಷನ್ನಲ್ಲಿ.

ಶುರು ಮಾಡ್ಬೇಕಾಗಿರೋದು ಜೆಡಿಯಿಂದ, ಅಂದ್ರೆ ಆ ಪೋಸ್ಟಿನ ಕೆಲ್ಸ ಏನು ಅಂತ ಬರೆದಿರೋ ಜಾಬ್ ಡಿಸ್ಕ್ರಿಪ್ಷನ್‌ನಿಂದ. ಎಲ್ರ ಕೈಲೂ ಇರತ್ತೆ, ಯಾರೂ ಸರಿಯಾಗಿ ಓದಲ್ಲ. ಹೆಚ್‌ಆರ್‌ನವ್ರು ಹಳೇ ಫೈಲಿಂದ ಕಾಪಿ ಪೇಸ್ಟ್ ಮಾಡಿರ್ತಾರೆ ಅಂತ ಬೈತೀವಿ, ಮುಕ್ಕಾಲು ಪಾಲು ಅದು ನಿಜಾನೇ, ಆದ್ರೆ ಆ ಕಾಪಿ ಪೇಸ್ಟ್ ಮಧ್ಯೆ ಒಂದೋ ಎರಡೋ ಸಾಲು ಆ ಟೀಮಿನ ಮ್ಯಾನೇಜರ್ರೇ ಸೇರಿಸಿರೋದು ಇರತ್ತೆ. ಅದನ್ನ ಹಿಡೀಬೇಕು. ಹೆಂಗೆ ಅಂದ್ರೆ, ಅದೇ ಕಂಪನಿ ಹಾಕಿರೋ ಬೇರೆ ಜೆಡಿಗಳನ್ನ ಪಕ್ಕಪಕ್ಕ ಇಟ್ಕೊಳ್ಳಿ, ಎಲ್ಲದ್ರಲ್ಲೂ ಕಾಣೋ ಸಾಲುಗಳನ್ನ ಹೊಡೆದು ಹಾಕಿ, ಉಳಿದಿದ್ದೇ ಅಸಲಿ ಜೆಡಿ.

ಉದಾಹರಣೆಗೆ ಒಂದು ಅಕೌಂಟ್ಸ್ ಪೋಸ್ಟ್ ಅಂದ್ಕೊಳ್ಳಿ. 'ಟೀಮ್ ಪ್ಲೇಯರ್', 'ಎಕ್ಸೆಲ್ ಚೆನ್ನಾಗಿ ಬರಬೇಕು', 'ಕಮ್ಯುನಿಕೇಷನ್ ಸ್ಕಿಲ್' ಎಲ್ಲಾ ಹೊಡೆದು ಹಾಕಿದ ಮೇಲೆ ಮೂರು ಸಾಲು ಉಳೀತು ಅನ್ಕೊಳ್ಳೋಣ: ಹಳೇ ಬಾಕಿ ಎಂಟ್ರಿಗಳ ರೀಕನ್ಸಿಲಿಯೇಷನ್ (ಲೆಕ್ಕ ತಾಳೆ ಮಾಡೋದು), ಆಡಿಟರ್‌ಗಳ ಪ್ರಶ್ನೆಗೆ ಉತ್ತರ ಕೊಡೋದು, ಹೊಸ ಸಾಫ್ಟ್‌ವೇರ್‌ಗೆ ಶಿಫ್ಟ್ ಆಗೋ ಕೆಲ್ಸದ ಅನುಭವ ಇದ್ರೆ ಆದ್ಯತೆ. ಈ ಮೂರನ್ನ ಒಂದೇ ಉಸಿರಲ್ಲಿ ಓದಿ. ಲೆಕ್ಕ ಎಲ್ಲೋ ಗೋಜಲಾಗಿದೆ, ಆಡಿಟರ್ ಬಂದು ತಲೆ ತಿಂದಿದ್ದಾರೆ, ಅದ್ರ ಮಧ್ಯೆ ಸಾಫ್ಟ್‌ವೇರ್ ಬೇರೆ ಬದಲಾಗ್ತಿದೆ, ಇಷ್ಟೂ ಗೊತ್ತಿದ್ದ ಮನುಷ್ಯ ಬಹುಶಃ ಬಿಟ್ಟು ಹೋಗಿದ್ದಾನೆ. ಈಗ ಆ ಇಂಟರ್ವ್ಯೂಗೆ ಹೋಗಿ ನೀವು ಪೇರೋಲ್ ಮಾಡಿದ್ದು, ಜಿಎಸ್‌ಟಿ ರಿಟರ್ನ್ ಹಾಕಿದ್ದು, ಇನ್ವಾಯ್ಸ್ ಎಂಟ್ರಿ ಮಾಡಿದ್ದು ಅಂತ ರೆಸ್ಯೂಮ್ ಓದೋದಕ್ಕೂ, ಹಿಂದಿನ ಕಂಪನೀಲಿ ಸಸ್ಪೆನ್ಸ್ ಅಕೌಂಟಲ್ಲಿ (ಎಲ್ಲಿಗೆ ಸೇರಬೇಕು ಅಂತ ಗೊತ್ತಾಗದ ಎಂಟ್ರಿಗಳನ್ನ ಸದ್ಯಕ್ಕೆ ಇಡೋ ಜಾಗ) ವರ್ಷಗಟ್ಲೆ ಕೊಳೀತಿದ್ದ ಎಂಟ್ರಿಗಳನ್ನ ಒಂದೊಂದಾಗಿ ಹೆಕ್ಕಿ ಕ್ಲಿಯರ್ ಮಾಡಿದ ಕಥೆ ಹೇಳೋದಕ್ಕೂ ಎಷ್ಟು ವ್ಯತ್ಯಾಸ ನೋಡಿ. ಎರಡನೇದು ಹೇಳೋ ಹೊತ್ತಿಗೆ ಆ ಕಡೆ ಕೂತಿರೋರು ಲ್ಯಾಪ್‌ಟಾಪಿಂದ ತಲೆ ಎತ್ತುತ್ತಾರೆ.

ಇನ್ನೊಂದು, ಅದೇ ಪೋಸ್ಟ್ ಎಷ್ಟು ದಿನದಿಂದ ಓಪನ್ ಇದೆ ನೋಡಿ. ಹಳೇ ಜಾಬ್ ಪೋಸ್ಟ್ ಹುಡುಕಕ್ಕೆ ವೇಬ್ಯಾಕ್ ಮೆಷಿನ್ ಇದೆ, ಇಂಟರ್ನೆಟ್ ಆರ್ಕೈವ್‌ನವ್ರದ್ದು, 2001ರಿಂದ ಎಲ್ರಿಗೂ ಫ್ರೀ. ಕಂಪನಿಯ ಕರಿಯರ್ಸ್ ಪೇಜಿನ ಅಡ್ರೆಸ್ ಹಾಕಿದ್ರೆ ಹಿಂದಿನ ತಿಂಗಳುಗಳಲ್ಲಿ, ವರ್ಷಗಳಲ್ಲಿ ಆ ಪೇಜ್ ಹೆಂಗಿತ್ತು ಅಂತ ತೋರಿಸತ್ತೆ, ಎಲ್ಲಾ ದಿನದ್ದೂ ಇರಲ್ಲ ಆದ್ರೆ ಕೆಲಸಕ್ಕೆ ಬರೋವಷ್ಟು ಇರತ್ತೆ. ಅದೇ ಪೋಸ್ಟ್ ಹೋದ ವರ್ಷಾನೂ ಇತ್ತು, ಅದಕ್ಕಿಂತ ಮುಂಚೆನೂ ಇತ್ತು ಅಂದ್ರೆ ಎರಡೇ ಅರ್ಥ, ಟೀಮ್ ಬೆಳೀತಿದೆ, ಇಲ್ಲಾ ಬಂದೋರು ಯಾರೂ ನಿಲ್ತಿಲ್ಲ. ಯಾವುದು ಅಂತ ತಿಳ್ಕೊಳ್ಳಕ್ಕೆ 'ಅವರ್ ಟೀಮ್' ಪೇಜಿನ ಹಳೇ ಕಾಪಿ ತೆಗೆದು ಈಗಿನದ್ರ ಪಕ್ಕ ಇಡಿ. ಫೋಟೋಗಳು ಜಾಸ್ತಿ ಆಗಿದ್ಯಾ, ಇಲ್ಲಾ ಬರೀ ಮುಖಗಳು ಬದಲಾಗಿದ್ಯಾ? ನಾಲ್ಕು ನಗುಮುಖದಲ್ಲಿ ಮೂರು ಮಾಯ ಆಗಿ ಫೌಂಡರ್ ಒಬ್ರೇ ಅದೇ ಫೋಟೋದಲ್ಲಿ ಅದೇ ಕೈಕಟ್ಟಿ ನಿಂತಿದ್ರೆ ಸ್ವಲ್ಪ ಯೋಚ್ನೆ ಮಾಡಿ.

ಈಗ ಲಿಸ್ಟೆಡ್ ಕಂಪನಿಗಳ ವಿಷ್ಯ, ನಂಗೆ ಭಾರಿ ಇಷ್ಟದ ಭಾಗ. ಷೇರು ಮಾರ್ಕೆಟಲ್ಲಿರೋ ಕಂಪನಿ ತನ್ನ ಬಗ್ಗೆ ಎಷ್ಟು ಬಾಯಿ ಬಿಡ್ಲೇಬೇಕು ಅನ್ನೋದು ಕೆಲ್ಸ ಹುಡುಕೋರಿಗೆ ಗೊತ್ತೇ ಇಲ್ಲ, ಆನ್ಯುವಲ್ ರಿಪೋರ್ಟ್ ಅಂದ್ರೆ ಇನ್ವೆಸ್ಟರ್‌ಗಳಿಗೆ ಮಾತ್ರ ಅಂದ್ಕೊಂಡಿದ್ದಾರೆ. ಅದ್ರಲ್ಲಿ ಚೇರ್ಮನ್ ಸಾಹೇಬ್ರ ಫೋಟೋ, ಅವ್ರ ಸಂದೇಶ, ಸೂರ್ಯೋದಯದ ಚಿತ್ರ, ಕೈಕುಲುಕೋ ಚಿತ್ರ ಎಲ್ಲಾ ದಾಟಿ ಹಿಂದೆ ಹೋಗಿ. ಎಷ್ಟು ಹಿಂದೆ ಹೋಗ್ತೀರೋ ಅಷ್ಟು ನಿಜ ಸಿಗತ್ತೆ, ಅಕ್ಷರಾನೂ ಅಷ್ಟೇ ಸಣ್ಣದಾಗ್ತಾ ಹೋಗತ್ತೆ.

ನಮ್ಮ ದೇಶದ ಕಂಪನಿ ಆದ್ರೆ ಮೊದಲು ಬಿಆರ್‌ಎಸ್‌ಆರ್ (ಬಿಸಿನೆಸ್ ರೆಸ್ಪಾನ್ಸಿಬಿಲಿಟಿ ಅಂಡ್ ಸಸ್ಟೈನಬಿಲಿಟಿ ರಿಪೋರ್ಟ್) ಅನ್ನೋ ಭಾಗ ಹುಡುಕಿ. ಮಾರ್ಕೆಟ್ ಕ್ಯಾಪ್ (ಎಲ್ಲಾ ಷೇರುಗಳ ಒಟ್ಟು ಬೆಲೆ) ಪ್ರಕಾರ ಮೊದಲ 1000 ಲಿಸ್ಟೆಡ್ ಕಂಪನಿಗಳು ಇದನ್ನ ಕೊಡ್ಲೇಬೇಕು ಅಂತ ಷೇರು ಮಾರ್ಕೆಟ್ ನೋಡ್ಕೊಳ್ಳೋ ಸೆಬಿಯ ರೂಲ್, 2022-23ರಿಂದ. ಪರಿಸರ, ಕರೆಂಟು, ನೀರು ಅಂತ ಪುಟಗಟ್ಲೆ ಇರತ್ತೆ, ಅದನ್ನ ಬಿಡಿ, ಶುರುವಲ್ಲೇ ಒಂದು ಟೇಬಲ್ ಇರತ್ತೆ ನೋಡಿ, ಪರ್ಮನೆಂಟ್ ನೌಕರರ ಟರ್ನೋವರ್ ರೇಟ್, ಅಂದ್ರೆ ನೂರಕ್ಕೆ ಎಷ್ಟು ಜನ ಬಿಟ್ಟು ಹೋದ್ರು ಅಂತ, ಮೂರು ವರ್ಷದ್ದು, ಗಂಡಸರು ಹೆಂಗಸರು ಬೇರೆ ಬೇರೆ. ಇದಕ್ಕಿಂತ ಇನ್ನೇನು ಬೇಕು ಹೇಳಿ? ಹೆಚ್‌ಆರ್ ಬಾಯಲ್ಲಿ 'ನಮ್ಮಲ್ಲಿ ಅಟ್ರಿಷನ್ ತುಂಬಾ ಕಮ್ಮಿ' ಅಂತ ಕೇಳೋ ಬದ್ಲು ಕಂಪನಿನೇ ಸಹಿ ಹಾಕಿ ಕೊಟ್ಟಿರೋ ನಂಬರ್ ನೋಡ್ಬಹುದು. ಹೆಂಗಸರ ರೇಟು ಗಂಡಸರದ್ದಕ್ಕಿಂತ ವಿಪರೀತ ಜಾಸ್ತಿ ಇದ್ರೆ ಅದು ಯಾಕೆ ಅಂತ ಯೋಚ್ನೆ ಮಾಡೋದು ನಿಮಗೇ ಬಿಟ್ಟಿದ್ದು.

ಸಂಬಳ ಮಾತಾಡಕ್ಕೆ ಮುಂಚೆ ನೋಡ್ಬೇಕಾಗಿರೋದು ಇನ್ನೊಂದು. ಕಂಪನೀಸ್ ಆಕ್ಟ್ 2013ರ ಸೆಕ್ಷನ್ 197 ಪ್ರಕಾರ ಲಿಸ್ಟೆಡ್ ಕಂಪನಿ ಪ್ರತಿ ಡೈರೆಕ್ಟರ್ ಸಂಬಳ ಸಾಮಾನ್ಯ ನೌಕರನ ಮೀಡಿಯನ್ ಸಂಬಳದ ಎಷ್ಟು ಪಟ್ಟು ಅಂತ ಹೇಳ್ಬೇಕು, ಆ ವರ್ಷ ಮೀಡಿಯನ್ ಸಂಬಳ ಶೇಕಡಾ ಎಷ್ಟು ಏರ್ತು ಅಂತಾನೂ ಹೇಳ್ಬೇಕು. ಬೋರ್ಡ್ಸ್ ರಿಪೋರ್ಟಿನ ಅನೆಕ್ಷರ್‌ಗಳಲ್ಲಿ ಎಲ್ಲೋ ಮೂಲೇಲಿ ಇರತ್ತೆ. ಮೀಡಿಯನ್ ಅಂದ್ರೆ ಎಲ್ರನ್ನೂ ಸಂಬಳದ ಪ್ರಕಾರ ಸಾಲಾಗಿ ನಿಲ್ಲಿಸಿದ್ರೆ ಸರಿ ಮಧ್ಯದಲ್ಲಿ ನಿಲ್ಲೋರದ್ದು. ಎಂಡಿ ಸಂಬಳ ಗೊತ್ತು, ಎಷ್ಟು ಪಟ್ಟು ಅಂತಾನೂ ಗೊತ್ತು ಅಂದ್ರೆ ಭಾಗಾಕಾರ ಮಾಡಿದ್ರೆ ಆಯ್ತು. ಅಮೆರಿಕದ ಕಂಪನಿಗಳು 2018ರಿಂದ ಇದೇ ಥರ ಸಿಇಒ ಪೇ ರೇಷಿಯೋ ಹೇಳ್ತಿದ್ದಾವೆ, ಪ್ರಾಕ್ಸಿ ಸ್ಟೇಟ್‌ಮೆಂಟ್ ಅನ್ನೋ ಡಾಕ್ಯುಮೆಂಟಲ್ಲಿ ಇರತ್ತೆ. ಬ್ರಿಟನ್ನಲ್ಲಿ 250 ಅಥವಾ ಅದಕ್ಕಿಂತ ಜಾಸ್ತಿ ಜನ ಇರೋ ಕಂಪನಿಗಳು 2017ರಿಂದ ಗಂಡಸರು ಹೆಂಗಸರ ಸಂಬಳದ ಅಂತರ ಸರ್ಕಾರಿ ಸೈಟಲ್ಲೇ ಹಾಕ್ಬೇಕು. ಈ ನಂಬರ್‌ಗಳನ್ನ ಇಂಟರ್ವ್ಯೂನಲ್ಲಿ ಮುಖಕ್ಕೆ ಹಿಡೀಬೇಡಿ ಮತ್ತೆ, ನಿಮ್ಮ ಎಕ್ಸ್‌ಪೆಕ್ಟೇಷನ್ ಎಲ್ಲಿಗೆ ಇಡ್ಬೇಕು ಅಂತ ನಿಮಗೆ ಮಾತ್ರ ಗೊತ್ತಿದ್ರೆ ಸಾಕು.

ಆಡಿಟರ್ ರಿಪೋರ್ಟನ್ನ ಅಕೌಂಟ್ಸ್ ಬರದೇ ಇರೋರೂ ಓದ್ಬಹುದು, ಹೆದರಬೇಡಿ. 'ಗೋಯಿಂಗ್ ಕನ್ಸರ್ನ್' ಅನ್ನೋ ಪದ ಯಾವುದಾದ್ರೂ ಅನುಮಾನದ ಜೊತೆ ಬಂದಿದ್ಯಾ ಅಂತ ಸರ್ಚ್ ಮಾಡಿ, ಬಂದಿದ್ರೆ ಕಂಪನಿ ನಡೆಯೋದೇ ಡೌಟು ಅಂತ ಆಡಿಟರ್ ಹೇಳ್ತಿದ್ದಾರೆ ಅಂತ ಅರ್ಥ. ಆಮೇಲೆ ಅದ್ರ ಜೊತೆ ಕಾರೋ (ಕಂಪನೀಸ್ ಆಡಿಟರ್ಸ್ ರಿಪೋರ್ಟ್ ಆರ್ಡರ್) ಅಂತ ಒಂದು ಅನೆಕ್ಷರ್ ಇರತ್ತೆ, ಅದ್ರ ಏಳನೇ ಪಾಯಿಂಟಲ್ಲಿ ಪಿಎಫ್, ಇಎಸ್‌ಐ, ಟ್ಯಾಕ್ಸ್ ಇವನ್ನ ಸರಿಯಾಗಿ ಕಟ್ಟಿದ್ದಾರಾ, ತಕರಾರಿಲ್ಲದ ಬಾಕಿ ಆರು ತಿಂಗಳಿಗಿಂತ ಜಾಸ್ತಿ ಉಳಿಸ್ಕೊಂಡಿದ್ದಾರಾ ಅಂತ ಆಡಿಟರ್ ಬರೀಲೇಬೇಕು. ನೌಕರರ ಸಂಬಳದಿಂದ ಕತ್ತರಿಸಿದ ಪಿಎಫ್ ದುಡ್ಡನ್ನೇ ಕಟ್ಟದೆ ಇಟ್ಕೊಂಡಿರೋ ಕಂಪನಿ ಬಗ್ಗೆ ಇನ್ನೇನು ರಿಸರ್ಚ್ ಮಾಡ್ತೀರಾ.

ಇನ್ನು ನೋಟ್ಸ್ ಭಾಗದಲ್ಲಿ 'ಎಂಪ್ಲಾಯೀ ಬೆನಿಫಿಟ್ ಎಕ್ಸ್‌ಪೆನ್ಸ್' ಅಂತ ಇರತ್ತೆ, ಎರಡು ವರ್ಷದ್ದೂ ಪಕ್ಕಪಕ್ಕದಲ್ಲೇ ಇರತ್ತೆ. ಜನ ಜಾಸ್ತಿ ಆಗಿದ್ದಾರೆ ಆದ್ರೆ ಖರ್ಚು ಅಷ್ಟಕ್ಕಷ್ಟೇ ಅಂದ್ರೆ ಸೀನಿಯರ್‌ಗಳು ಹೋಗಿ ಫ್ರೆಷರ್‌ಗಳು ಬರ್ತಿರಬಹುದು. ಇದನ್ನ ಸಾಕ್ಷಿ ಅಂದ್ಕೋಬೇಡಿ, ಸುಳಿವು ಅಷ್ಟೇ, ಬೇರೆ ಕಾರಣಾನೂ ಇರತ್ತೆ.

ಅಮೆರಿಕನ್ ಕಂಪನಿ ಆದ್ರೆ 10-ಕೆ ಅನ್ನೋ ವಾರ್ಷಿಕ ಫೈಲಿಂಗ್ ಅಲ್ಲಿನ ಷೇರು ಮಾರ್ಕೆಟ್ ನೋಡ್ಕೊಳ್ಳೋ ಎಸ್‌ಇಸಿಯ ಎಡ್ಗರ್ ಸೈಟಲ್ಲಿ ಫ್ರೀ ಸಿಗತ್ತೆ. ಅದ್ರಲ್ಲಿ ಐಟಂ 1ಎ, ರಿಸ್ಕ್ ಫ್ಯಾಕ್ಟರ್ಸ್ ಓದಿ. ನಮಗೆ ಏನೇನು ಕೆಟ್ಟದ್ದಾಗಬಹುದು ಅಂತ ಕಂಪನಿಯ ಲಾಯರ್‌ಗಳೇ ಕೂತು ಪಟ್ಟಿ ಮಾಡಿರ್ತಾರೆ, ಆಮೇಲೆ ಯಾರೂ ಕೇಸ್ ಹಾಕಬಾರದಲ್ಲ ಅದಕ್ಕೆ. ಭೂಕಂಪ, ಯುದ್ಧ, ಸೈಬರ್ ದಾಳಿ ಎಲ್ರೂ ಬರೀತಾರೆ, ಅದನ್ನ ದಾಟಿ. 'ನಮ್ಮ ಆದಾಯದ ದೊಡ್ಡ ಭಾಗ ಒಬ್ಬನೇ ಗ್ರಾಹಕನಿಂದ ಬರತ್ತೆ' ಅನ್ನೋ ಥರದ ಸಾಲು ಸಿಕ್ರೆ ಅದು ನಿಮ್ಮ ಕೆಲ್ಸಕ್ಕೆ ಸಂಬಂಧಪಟ್ಟ ವಿಷ್ಯ, ಆ ಒಬ್ಬ ಗ್ರಾಹಕ ಕೈಕೊಟ್ರೆ ಮೊದಲು ಹೋಗೋದು ಹೊಸದಾಗಿ ಸೇರಿದೋರೇ. ಹೋದ ವರ್ಷದ 10-ಕೆ ಜೊತೆ ಹೋಲಿಸಿ ಈ ವರ್ಷ ಹೊಸದಾಗಿ ಸೇರಿರೋ ರಿಸ್ಕ್ ಯಾವುದು ನೋಡಿ, ಅಲ್ಲೇ ಇರತ್ತೆ ಈಗ ಅವ್ರಿಗೆ ನಿದ್ದೆ ಕೆಡಿಸ್ತಿರೋದು.

ಇಷ್ಟೆಲ್ಲಾ ಓದಕ್ಕೆ ಟೈಮಿಲ್ಲ ಅಂದ್ರೆ ಒಂದೇ ಒಂದು ಕೆಲ್ಸ ಮಾಡಿ, ಲೇಟೆಸ್ಟ್ ಕ್ವಾರ್ಟರ್‌ನ ಕಾನ್‌ಕಾಲ್ ಟ್ರಾನ್ಸ್‌ಕ್ರಿಪ್ಟ್ ತೆಗೀರಿ, ಅಂದ್ರೆ ರಿಸಲ್ಟ್ ಬಂದ್ಮೇಲೆ ಮ್ಯಾನೇಜ್‌ಮೆಂಟ್ ಅನಲಿಸ್ಟ್‌ಗಳ ಜೊತೆ ಫೋನಲ್ಲಿ ಮಾತಾಡಿದ್ದರ ಬರಹ. ಮೊದಲ ಅರ್ಧ ಮ್ಯಾನೇಜ್‌ಮೆಂಟ್ ತನ್ನ ಬೆನ್ನು ತಾನೇ ತಟ್ಕೊಳ್ಳೋದು, ಅದನ್ನ ಹಾರಿಸಿ, ಅನಲಿಸ್ಟ್‌ಗಳು ಪ್ರಶ್ನೆ ಕೇಳೋ ಭಾಗಕ್ಕೆ ಹೋಗಿ. ಒಂದೇ ಪ್ರಶ್ನೆನ ಇಬ್ರು ಮೂರು ಜನ ಬೇರೆ ಬೇರೆ ಮಾತಲ್ಲಿ ಕೇಳಿದ್ರೆ, ಪ್ರತಿ ಸಲಾನೂ ಮ್ಯಾನೇಜ್‌ಮೆಂಟ್ 'ಅದ್ರ ಬಗ್ಗೆ ಮುಂದಿನ ಕ್ವಾರ್ಟರಲ್ಲಿ ಹೇಳ್ತೀವಿ' ಅಂತ ಜಾರ್ಕೊಂಡ್ರೆ, ನೋಟ್ ಮಾಡ್ಕೊಳ್ಳಿ. ನೀವು ಸೇರೋ ಡಿಪಾರ್ಟ್‌ಮೆಂಟ್ ಅದೇ ಆಗಿದ್ರಂತೂ ಎರಡು ಸಲ ನೋಟ್ ಮಾಡ್ಕೊಳ್ಳಿ.

ಆದ್ರೆ ಬಹಳಷ್ಟು ಜನ ಹೋಗೋದು ಲಿಸ್ಟೆಡ್ ಕಂಪನಿಗಲ್ಲ, ಐವತ್ತೋ ನೂರೋ ಜನ ಇರೋ ಪ್ರೈವೇಟ್ ಲಿಮಿಟೆಡ್‌ಗೆ. ಅಲ್ಲಿ ಹುಡುಕಾಟ ಸ್ವಲ್ಪ ಕಷ್ಟ, ಅಸಾಧ್ಯ ಏನಲ್ಲ. ಕೇಂದ್ರದ ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದ ಎಂಸಿಎ ಪೋರ್ಟಲಲ್ಲಿ ಕಂಪನಿಯ ಮಾಸ್ಟರ್ ಡೇಟಾ ನೋಡ್ಬಹುದು, ಯಾವಾಗ ರಿಜಿಸ್ಟರ್ ಆಯ್ತು, ಸ್ಟೇಟಸ್ ಆಕ್ಟಿವ್ ಇದ್ಯಾ ಸ್ಟ್ರೈಕ್ ಆಫ್ (ರಿಜಿಸ್ಟರಿಂದ ಹೆಸರು ತೆಗೆದಿರೋದು) ಆಗಿದ್ಯಾ, ಕೊನೇ ಬ್ಯಾಲೆನ್ಸ್ ಶೀಟ್ ಯಾವ ವರ್ಷದ್ದು. ಇಪ್ಪತ್ತು ವರ್ಷದ ಅನುಭವ ಅಂತ ವೆಬ್‌ಸೈಟಲ್ಲಿ ಬರ್ಕೊಂಡು ಕಂಪನಿ ಹೋದ ವರ್ಷ ರಿಜಿಸ್ಟರ್ ಆಗಿದ್ರೆ ಕೇಳ್ಬೇಕಾದ ಪ್ರಶ್ನೆ ಒಂದು ಸಿಕ್ತು. ಬ್ರಿಟನ್ ಆದ್ರೆ ಕಂಪನೀಸ್ ಹೌಸ್ ಸೈಟಲ್ಲಿ ಅಕೌಂಟ್ಸ್ ಸಮೇತ ಎಲ್ಲಾ ಫ್ರೀ. ಐಪಿಒಗೆ, ಅಂದ್ರೆ ಮೊದಲ ಸಲ ಜನಕ್ಕೆ ಷೇರು ಮಾರಕ್ಕೆ, ಹೊರಟಿರೋ ಕಂಪನಿ ಆಗಿದ್ರೆ ಸೆಬಿ ಸೈಟಲ್ಲಿ ಡಿಆರ್‌ಎಚ್‌ಪಿ (ಅದಕ್ಕೆ ಕೊಡೋ ಕರಡು ದಾಖಲೆ) ಹುಡುಕಿ, ಕೇಸುಗಳು, ದೊಡ್ಡ ಗ್ರಾಹಕರ ಮೇಲೆ ಎಷ್ಟು ಅವಲಂಬನೆ, ಎಲ್ಲಾ ಒಂದೇ ಕಡೆ ಇರತ್ತೆ.

ಜಾಸ್ತಿ ಜನಕ್ಕೆ ಗೊತ್ತಿಲ್ಲದ ಇನ್ನೊಂದು ಜಾಗ ಪಿಎಫ್ ನೋಡ್ಕೊಳ್ಳೋ ಸರ್ಕಾರಿ ಸಂಸ್ಥೆ ಇಪಿಎಫ್‌ಒ ಸೈಟಿನ ಎಸ್ಟಾಬ್ಲಿಷ್‌ಮೆಂಟ್ ಸರ್ಚ್. ಕಂಪನಿ ಹೆಸರು ಹಾಕಿದ್ರೆ ಯಾವ ತಿಂಗಳ ಪಿಎಫ್ ಯಾವ ತಾರೀಖಿಗೆ ಕಟ್ಟಿದ್ದಾರೆ, ಎಷ್ಟು ನೌಕರರಿಗೆ ಕಟ್ಟಿದ್ದಾರೆ ಅಂತ ಸಾಲಾಗಿ ಬರತ್ತೆ. ಈಗ ಇದನ್ನ ಸ್ವಲ್ಪ ನಿಧಾನಕ್ಕೆ ನೋಡಿ. ಜನರ ಸಂಖ್ಯೆ ತಿಂಗಳಿಂದ ತಿಂಗಳಿಗೆ ಏರ್ತಿದ್ರೆ ಹೈರಿಂಗ್ ನಿಜ. ಒಂದೇ ತಿಂಗಳಲ್ಲಿ ಧಡಾರಂತ ಇಳಿದಿದ್ರೆ ಆ ತಿಂಗಳು ಏನೋ ಆಗಿದೆ, ಪೇಪರಲ್ಲಿ ಬರದೇ ಇದ್ರೂ. ಕಟ್ಟೋ ತಾರೀಖು ಪ್ರತಿ ತಿಂಗಳೂ ಮುಂದಕ್ಕೆ ಮುಂದಕ್ಕೆ ಹೋಗ್ತಿದ್ರೆ ಸಂಬಳಾನೂ ಹಂಗೇ ಮುಂದಕ್ಕೆ ಹೋಗ್ತಿರಬಹುದು. 'ನಾವು 300 ಜನರ ಕುಟುಂಬ' ಅಂತ ಬರ್ಕೊಂಡಿರೋರ ಪಿಎಫ್ ಲಿಸ್ಟಲ್ಲಿ 40 ಜನ ಇದ್ರೆ ಉಳಿದೋರೆಲ್ಲಾ ಕಾಂಟ್ರಾಕ್ಟ್ ಇರ್ಬಹುದು, ನಿಮ್ಮನ್ನ ಯಾವ ಲೆಕ್ಕಕ್ಕೆ ತಗೋತಾರೆ ಅಂತ ಆಫರ್ ಬರೋ ಮುಂಚೆನೇ ಕೇಳ್ಕೊಳ್ಳಿ. ತೀರಾ ಚಿಕ್ಕ ಕಂಪನಿ ಸಿಗಲ್ಲ, ಪಿಎಫ್ ಕಡ್ಡಾಯ ಆಗೋದು 20 ಜನ ಆದ್ಮೇಲೆ.

ಕಾಲೇಜಿಗೆ ಲೆಕ್ಚರರ್ ಆಗಿ ಹೋಗೋರಿಗೂ ಒಂದು ಮಾತು. ಕೇಂದ್ರ ಸರ್ಕಾರದ ಎನ್‌ಐಆರ್‌ಎಫ್ ಕಾಲೇಜು ರ‍್ಯಾಂಕಿಂಗಿಗೆ ಅಂತ ಕಾಲೇಜುಗಳು ಕೊಟ್ಟ ಡೇಟಾನ ತಮ್ಮ ಸೈಟಲ್ಲೇ ಪಿಡಿಎಫ್ ಹಾಕಿರ್ತಾವೆ, ಅದ್ರಲ್ಲಿ ಫ್ಯಾಕಲ್ಟಿ ಪಟ್ಟಿ, ಯಾರು ಯಾವಾಗ ಸೇರಿದ್ರು ಅನ್ನೋ ತಾರೀಖಿನ ಸಮೇತ ಇರತ್ತೆ. ನೀವು ಹೋಗೋ ಡಿಪಾರ್ಟ್‌ಮೆಂಟಲ್ಲಿ ಎಲ್ರೂ ಈಚೆಗೆ ಸೇರಿದೋರೇ ಆಗಿದ್ರೆ ಹಳಬರೆಲ್ಲ ಎಲ್ಲಿ ಹೋದ್ರು?

ರಿವ್ಯೂ ಸೈಟುಗಳು, ಗ್ಲಾಸ್‌ಡೋರ್, ಆಂಬಿಷನ್‌ಬಾಕ್ಸ್. ಎಲ್ರೂ ನೋಡ್ತಾರೆ, ಸ್ಟಾರ್ ನೋಡಿ ಮುಚ್ತಾರೆ. ಸ್ಟಾರ್ ಬಿಡಿ, ತಾರೀಖು ನೋಡಿ. ಒಂದೇ ವಾರದಲ್ಲಿ ಸಾಲಾಗಿ ಐದು ಸ್ಟಾರ್, ಎಲ್ಲದ್ರಲ್ಲೂ 'ಗ್ರೇಟ್ ಕಲ್ಚರ್', 'ಗ್ರೋತ್ ಆಪರ್ಚುನಿಟಿ', ಮೈನಸ್ ಪಾಯಿಂಟ್ ಜಾಗದಲ್ಲಿ 'ಏನೂ ಇಲ್ಲ', ಅಂದ್ರೆ ಹೆಚ್‌ಆರ್‌ನಿಂದ ಮೇಲ್ ಹೋಗಿದೆ. ಹಂಗಂತ ಒಂದು ಸ್ಟಾರ್ ಕೊಟ್ಟೋರೆಲ್ಲಾ ಸತ್ಯಹರಿಶ್ಚಂದ್ರರೂ ಅಲ್ಲ, ಕೆಲ್ಸದಿಂದ ತೆಗೆದ ಸಿಟ್ಟು ಅಲ್ಲೇ ಕಾರಿರ್ತಾರೆ. ನಾನು ನಂಬೋದು ಮೂರು ಸ್ಟಾರ್ ರಿವ್ಯೂಗಳನ್ನ, ಕೂತು ಅಳೆದು ತೂಗಿ ಬರೆದಿರ್ತಾರೆ. ಅದ್ರಲ್ಲೂ ಒಂದೇ ದೂರು ಬೇರೆ ಬೇರೆ ವರ್ಷದಲ್ಲಿ ಬೇರೆ ಬೇರೆ ಡಿಪಾರ್ಟ್‌ಮೆಂಟಿನೋರು ಹೇಳಿದ್ರೆ ಅದು ಒಬ್ಬ ಮ್ಯಾನೇಜರ್ ಸಮಸ್ಯೆ ಅಲ್ಲ, ಕಂಪನಿಯ ಗುಣ.

ಇದೆಲ್ಲಕ್ಕಿಂತ ಬೆಲೆ ಬಾಳೋದು ಅಲ್ಲಿ ಕೆಲ್ಸ ಮಾಡಿ ಬಿಟ್ಟ ಒಬ್ರ ಹತ್ರ ಹತ್ತು ನಿಮಿಷದ ಮಾತು. ಲಿಂಕ್ಡ್‌ಇನ್ನಲ್ಲಿ ಹುಡುಕಿ ಮೆಸೇಜ್ ಹಾಕಿ. 'ಸರ್, ನೀವು ಮುಂಚೆ ಇದ್ದ ಟೀಮಿಗೆ ಇಂಟರ್ವ್ಯೂಗೆ ಹೋಗ್ತಿದೀನಿ, ಹತ್ತು ನಿಮಿಷ ಫೋನಲ್ಲಿ ಮಾತಾಡಕ್ಕೆ ಆಗತ್ತಾ, ಗೌಪ್ಯ ವಿಷ್ಯ ಏನೂ ಕೇಳಲ್ಲ' ಅಂದ್ರೆ ಸಾಕು. ಎಲ್ರೂ ಉತ್ತರ ಕೊಡಲ್ಲ, ಕೊಡೋರು ಮನಸ್ಸು ಬಿಚ್ಚಿ ಮಾತಾಡ್ತಾರೆ. ಫೋನ್ ಸಿಕ್ಕಾಗ 'ಕಂಪನಿ ಹೆಂಗಿದೆ' ಅಂತ ಕೇಳ್ಬೇಡಿ, 'ಪರವಾಗಿಲ್ಲ ಚೆನ್ನಾಗಿದೆ' ಅಂತಾರೆ, ಮಾತು ಮುಗೀತು. ಸಂಬಳ ಯಾವ ತಾರೀಖಿಗೆ ಬೀಳ್ತಿತ್ತು, ಹೈಕ್ ಲೆಟರ್ ಹೇಳಿದ ತಿಂಗಳಲ್ಲೇ ಬರ್ತಿತ್ತಾ, ಮನೇಲಿ ಏನೋ ತೊಂದ್ರೆ ಅಂತ ರಜ ಕೇಳಿದ್ರೆ ಮ್ಯಾನೇಜರ್ ಮೊದಲ ಮಾತು ಏನು, ರಾತ್ರಿ ಒಂಬತ್ತಕ್ಕೆ ಮೆಸೇಜ್ ಬಂದ್ರೆ ಉತ್ತರ ಕೊಡ್ಲೇಬೇಕಿತ್ತಾ, ಬಿಟ್ಟಾಗ ರಿಲೀವಿಂಗ್ ಲೆಟರ್‌ಗೆ ಸತಾಯಿಸಿದ್ರಾ, ಫುಲ್ ಅಂಡ್ ಫೈನಲ್ (ಬಿಡುವಾಗ ಕೊಡೋ ಕೊನೇ ಲೆಕ್ಕದ ದುಡ್ಡು) ಬರಕ್ಕೆ ಎಷ್ಟು ದಿನ ಆಯ್ತು. ಇವಕ್ಕೆ 'ಪರವಾಗಿಲ್ಲ' ಅಂತ ಉತ್ತರ ಕೊಡಕ್ಕೆ ಆಗಲ್ಲ. ಬಿಟ್ಟು ಹೋಗೋರನ್ನ ಹೆಂಗೆ ನಡೆಸ್ಕೊಂಡ್ರು ಅನ್ನೋದನ್ನ ನಾನಂತೂ ತಪ್ಪದೆ ಕೇಳ್ತೀನಿ, ಯಾಕಂದ್ರೆ ಸೇರೋವಾಗ ಎಲ್ರೂ ಹೂವಿನ ಹಾರ ಹಾಕೋರೇ.

ಪ್ಯಾನೆಲ್‌ನಲ್ಲಿ ಯಾರಿರ್ತಾರೆ ಅಂತ ಹೆಚ್‌ಆರ್ ಹತ್ರ ಕೇಳಿದ್ರೆ ಸಾಮಾನ್ಯವಾಗಿ ಹೇಳ್ತಾರೆ. ಅವ್ರ ಪ್ರೊಫೈಲ್ ನೋಡಿ, ಯಾವ ಕೆಲ್ಸದಿಂದ ಮೇಲೆ ಬಂದೋರು, ಏನಾದ್ರೂ ಲೇಖನ, ಟಾಕ್ ಇದ್ಯಾ. ಸೇಲ್ಸಿಂದ ಬಂದ ಮ್ಯಾನೇಜರ್ ನಂಬರ್ ಕೇಳ್ತಾರೆ, ಆಪರೇಷನ್ಸಿಂದ ಬಂದೋರು 'ಅದು ಕೈಕೊಟ್ರೆ ಏನ್ ಮಾಡ್ತೀರಾ' ಅಂತ ಕೇಳ್ತಾರೆ, ಹೆಚ್ಚುಕಮ್ಮಿ ಹಂಗೇ. ಇಷ್ಟಕ್ಕೇ ನಿಲ್ಸಿ. ಅವ್ರ ಇನ್‌ಸ್ಟಾಗ್ರಾಮ್, ಮಕ್ಕಳ ಬರ್ತ್‌ಡೇ ಫೋಟೋ ತನಕ ಹೋಗೋದು, ಆಮೇಲೆ ಅದನ್ನ ಇಂಟರ್ವ್ಯೂನಲ್ಲಿ ಬಾಯಿ ಬಿಡೋದು, ಅಯ್ಯೋ ಬೇಡಪ್ಪ.

ಈಗೀಗ ಎಲ್ರೂ ಎಐ ಹತ್ರ ಕೇಳ್ತಾರೆ, ಈ ಕಂಪನಿ ಬಗ್ಗೆ ಹೇಳು, ಇಂಟರ್ವ್ಯೂಗೆ ರೆಡಿ ಮಾಡು ಅಂತ. ತಪ್ಪೇನಿಲ್ಲ, ಉದ್ದ ರಿಪೋರ್ಟ್ ಕೊಟ್ಟು ಇಂಥದ್ದು ಯಾವ ಪುಟದಲ್ಲಿದೆ ಅಂತ ಹುಡುಕಿಸಕ್ಕೆ ಒಳ್ಳೇದು. ಆದ್ರೆ ಅದು ಎತ್ತು ಈಯ್ತು ಅಂದ್ರೆ ಕೊಟ್ಟಿಗೇಲಿ ಕಟ್ಟಬೇಡಿ, ಬಿಟ್ಟು ಹೋದ ಸಿಇಒನ ಇನ್ನೂ ಇದ್ದಾರೆ ಅನ್ನತ್ತೆ, ಮಾರಿ ಹಾಕಿದ ಡಿವಿಷನ್ನ ಇನ್ನೂ ಬೆಳೆಸ್ತಿದ್ದಾರೆ ಅನ್ನತ್ತೆ. ಅದಕ್ಕಿಂತ ದೊಡ್ಡ ತೊಂದ್ರೆ ಏನಪ್ಪಾ ಅಂದ್ರೆ ನಿಮ್ಮ ಮುಂಚೆ ಬಂದೋರೂ ಅದೇ ಸಮ್ಮರಿ ಓದ್ಕೊಂಡು ಬಂದಿರ್ತಾರೆ, ಪ್ಯಾನೆಲ್‌ನವ್ರು ಬೆಳಗಿಂದ ಅದೇ ಮೂರು ಸಾಲು ಕೇಳಿ ಕೇಳಿ ಆಕಳಿಸ್ತಿರ್ತಾರೆ.

ಸರಿ, ಇಷ್ಟೆಲ್ಲಾ ತಿಳ್ಕೊಂಡು ಒಳಗೆ ಹೋಗಿ ಏನ್ ಮಾಡ್ಬೇಕು? ತಿಳ್ಕೊಂಡಿದ್ದನ್ನ ಪ್ರಶ್ನೆ ಮಾಡಿ. 'ನಿಮ್ಮ ಆನ್ಯುವಲ್ ರಿಪೋರ್ಟ್ ಓದಿದೆ, ನಿಮ್ಮ ಆದಾಯ ಇಷ್ಟು' ಅಂದ್ರೆ ಶಹಭಾಸ್ ಅಂತಾರೆ ಅಷ್ಟೇ. 'ರಿಪೋರ್ಟಲ್ಲಿ ಡೆಲಿವರಿ ಟೈಮ್ ಕಮ್ಮಿ ಮಾಡೋದು ಈ ವರ್ಷದ ಗುರಿ ಅಂತ ಓದಿದೆ, ಅದ್ರಲ್ಲಿ ಈ ಟೀಮಿನ ಪಾಲು ಏನು, ಈಗ ಎಲ್ಲಿ ಸಿಕ್ಕಾಕ್ಕೊಂಡಿದೆ' ಅಂತ ಕೇಳಿ ನೋಡಿ, ಅವ್ರು ತಮ್ಮ ಕಷ್ಟ ಹೇಳ್ಕೊಳ್ಳಕ್ಕೆ ಶುರು ಮಾಡ್ತಾರೆ, ಅಲ್ಲಿಂದ ಅದು ಇಬ್ರು ಕೆಲ್ಸದೋರ ಮಾತುಕತೆ ಆಗತ್ತೆ. ಕೆಟ್ಟ ಸುದ್ದಿ ಏನಾದ್ರೂ ಸಿಕ್ಕಿದ್ರೆ, ಲೇಆಫ್ ಆಗಿದೆ ಅಂದ್ಕೊಳ್ಳಿ, ಆರೋಪ ಮಾಡೋ ದನಿಯಲ್ಲಿ ಕೇಳ್ಬೇಡಿ, ಮುಚ್ಚಿಡಬೇಕಾಗೂ ಇಲ್ಲ. 'ಹೋದ ವರ್ಷದ ಬದಲಾವಣೆ ಆದ್ಮೇಲೆ ಈ ಟೀಮಿನ ಕೆಲ್ಸ ಹೆಂಗೆ ಹಂಚಿಕೆ ಆಗಿದೆ' ಅಂದ್ರೆ ಎಲ್ರಿಗೂ ಅರ್ಥ ಆಗತ್ತೆ. ಉತ್ತರಕ್ಕಿಂತ ಉತ್ತರ ಕೊಡೋ ಮುಂಚೆ ಪ್ಯಾನೆಲ್‌ನವ್ರು ಒಬ್ರ ಮುಖ ಒಬ್ರು ನೋಡ್ಕೊಂಡ್ರಾ ಅನ್ನೋದರ ಮೇಲೆ ಒಂದು ಕಣ್ಣಿರಲಿ.

'ನಮ್ಮ ಬಗ್ಗೆ ಏನ್ ಗೊತ್ತು' ಅನ್ನೋ ಪ್ರಶ್ನೆ ಬಂದೇ ಬರತ್ತೆ, ಅದಕ್ಕೆ ನಾಲ್ಕು ವಾಕ್ಯ ಸಾಕು, ಯಾರಿಗೆ ಏನು ಮಾರ್ತೀರಿ, ಈಗ ಏನು ಬದಲಾಗ್ತಿದೆ, ಅದ್ರಲ್ಲಿ ಈ ಪೋಸ್ಟ್ ಎಲ್ಲಿ ಬರತ್ತೆ ಅಂತ ನನಗನ್ಸಿದೆ, ಸರಿನಾ? ಕೊನೇಲಿ ಆ 'ಸರಿನಾ' ಹಾಕೋದು ಮರೀಬೇಡಿ, ಹೊರಗಿಂದ ನೋಡಿದ್ದು ತಪ್ಪಿರಬಹುದು, ತಿದ್ದೋ ಅವಕಾಶ ಕೊಟ್ರೆ ಅವ್ರು ತಿದ್ದುತ್ತಾ ತಿದ್ದುತ್ತಾ ಇನ್ನೂ ಹೇಳ್ತಾರೆ.

ಆಮೇಲೆ ಕೊನೇಲಿ 'ನಿಮ್ಮದೇನಾದ್ರೂ ಪ್ರಶ್ನೆ ಇದ್ಯಾ' ಅಂದಾಗ ನೇರವಾಗಿ ಕೇಳಿ, ಈ ಪೋಸ್ಟ್ ಹೊಸದಾ ಅಥವಾ ಯಾರಾದ್ರೂ ಇದ್ರಾ, ಇದ್ದೋರು ಈಗ ಎಲ್ಲಿದ್ದಾರೆ. 'ಪ್ರಮೋಷನ್ ಆಗಿ ಪಕ್ಕದ ಟೀಮಲ್ಲಿದ್ದಾರೆ, ನಿಮಗೆ ಅವ್ರೇ ಹ್ಯಾಂಡ್‌ಓವರ್ ಕೊಡ್ತಾರೆ' ಅಂದ್ರೆ ಅದಕ್ಕಿಂತ ಒಳ್ಳೇ ಉತ್ತರ ಇಲ್ಲ. ಜೆಡಿ, ಹಳೇ ಟೀಮ್ ಪೇಜ್, ಪಿಎಫ್ ಲಿಸ್ಟ್ ಎಲ್ಲಾ ನೋಡಿ ನೀವು ಅಂದಾಜು ಮಾಡಿದ್ದಕ್ಕೂ ಅವ್ರು ಹೇಳೋದಕ್ಕೂ ತಾಳೆ ಆಗತ್ತಾ ನೋಡ್ಕೊಳ್ಳಿ.

ಇಂಟರ್ವ್ಯೂಗೆ ಮುಂಚೆನೇ ದುಡ್ಡು ಕೇಳೋರು, ರಿಜಿಸ್ಟ್ರೇಷನ್ ಫೀ, ಟ್ರೈನಿಂಗ್ ಡೆಪಾಸಿಟ್, ಲ್ಯಾಪ್‌ಟಾಪ್ ಅಡ್ವಾನ್ಸ್ ಅನ್ನೋರು, ದೊಡ್ಡ ಕಂಪನಿ ಹೆಸರಲ್ಲಿ ಜಿಮೇಲಿಂದ ಆಫರ್ ಲೆಟರ್ ಕಳಿಸೋರು, ಇವ್ರ ಬಗ್ಗೆ ರಿಸರ್ಚೇ ಬೇಡ, ಬ್ಲಾಕ್ ಮಾಡಿ. ಅನುಮಾನ ಇದ್ರೆ ಕಂಪನಿಯ ಸ್ವಂತ ಸೈಟಲ್ಲಿರೋ ನಂಬರಿಗೆ ಫೋನ್ ಮಾಡಿ ಕೇಳಿ, ಮೇಲಲ್ಲಿ ಕೊಟ್ಟಿರೋ ನಂಬರಿಗಲ್ಲ.

ಎಲ್ಲಾ ನೋಡಿ ಆದ್ಮೇಲೆ ಬೇಡ ಅನ್ಸಿದ್ರೆ ಹೋಗದೆ ಇರೋದೂ ಒಂದು ನಿರ್ಧಾರಾನೇ. ಆದ್ರೆ ಫೋನ್ ಸ್ವಿಚ್ ಆಫ್ ಮಾಡ್ಕೊಂಡು ಕೂರಬೇಡಿ. 'ಈ ಅವಕಾಶ ಮುಂದುವರಿಸದೇ ಇರಕ್ಕೆ ನಿರ್ಧರಿಸಿದೀನಿ, ಸಮಯ ಕೊಟ್ಟಿದ್ದಕ್ಕೆ ಥ್ಯಾಂಕ್ಸ್' ಅಂತ ಎರಡು ಸಾಲು ಹಿಂದಿನ ದಿನವೇ ಮೇಲ್ ಹಾಕಿ, ಕಾರಣ ಬರೀಬೇಕಾಗಿಲ್ಲ, ಪಿಎಫ್ ಲಿಸ್ಟಿನ ಸ್ಕ್ರೀನ್‌ಶಾಟಂತೂ ಅಟ್ಯಾಚ್ ಮಾಡ್ಲೇಬೇಡಿ. ಹೆಚ್‌ಆರ್‌ನವ್ರೂ ಕಂಪನಿ ಬದಲಾಯಿಸ್ತಾನೇ ಇರ್ತಾರೆ, ಇವತ್ತು ನೀವು ಬೇಡ ಅಂದ ಕಡೆ ಇರೋರು ನಾಳೆ ನೀವು ಅಪ್ಲೈ ಮಾಡೋ ಕಡೆ ಇರ್ತಾರೆ.